ಮೋರಿಯರ ಮನೆ: ಕೋಲಾರ ಸೀಮೆಯ ಆದಿಮ ಬದುಕಿನ ಬರವಣಿಗೆ – ಒಂದು ವಿಮರ್ಶೆ

ಕೋಲಾರ ಚಿನ್ನದ ಗಣಿಯ ಚರಿತ್ರೆಯನ್ನು ಬಹುಮಟ್ಟಿಗೆ 1802ರ ಜಾನ್ ವಾರನ್‌ನ ಶೋಧದಿಂದ ಆರಂಭಿಸಿ, 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಮೂಲಕ ವಿಸ್ತರಿಸಿ, 2001ರಲ್ಲಿ ಗಣಿ ಮುಚ್ಚಿದಲ್ಲಿಗೆ ಮುಗಿಸಲಾಗುತ್ತದೆ. ವಾರನ್‌ಗೆ ಸುಳಿವು ದೊರೆತದ್ದು ಸ್ಥಳೀಯರಿಂದ. ಮಾರಿಕುಪ್ಪದ ಪರಿಸರದಲ್ಲಿ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವ ವಿದ್ಯೆ ಆಗಲೇ ರೂಢಿಯಲ್ಲಿತ್ತು. ಈ ಚೌಕಟ್ಟಿನಲ್ಲಿ ಆ ಜನರ ಪೂರ್ವಿಕರು ‘ಪ್ರಾಚೀನರು’ ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತಾರೆ.

ಇದಕ್ಕೆ ವಿರುದ್ಧವಾದುದು ಪ್ರಾಚೀನತೆಯನ್ನು ಹಿಗ್ಗಿಸುವ ಪ್ರವೃತ್ತಿ. ಮೊಹೆಂಜೊದಾರೊದ ಬೆಳ್ಳಿ ಬೆರೆತ ಚಿನ್ನ ಕೋಲಾರ ಅಥವಾ ಅನಂತಪುರದ ಕಡೆಯದೆಂಬ ಊಹೆ 1931ರ ಮಾರ್ಷಲ್ ಗ್ರಂಥದಲ್ಲಿ ಕಾಣಿಸಿಕೊಂಡು, ಮುಂದೆ ಸಿದ್ಧಾಂತದಂತೆ ಪುನರುಕ್ತವಾಯಿತು. ಬೆಳ್ಳಿ ಬೆರೆತ ಚಿನ್ನ ಒಂದೇ ಸೀಮೆಯ ಸ್ವತ್ತಲ್ಲ. ಚಾಂಪಿಯನ್ ರೀಫ್‌ನ ಹಳೆಯ ಗಣಿಯ ಮರದ ತುಂಡುಗಳ ಇಂಗಾಲ ಕಾಲಮಾಪನವಾದರೋ ಸುಮಾರು ಕ್ರಿ.ಶ. 5ನೆಯ ಶತಮಾನವನ್ನು ಸೂಚಿಸುತ್ತದೆ. ಹೊಳೆಮರಳು ತೊಳೆಯುವ ಕಸುಬು ಗುಂಡಿಯ ಗುರುತು ಬಿಡದು. ಆದ್ದರಿಂದ ಅದಕ್ಕೂ ಹಿಂದಿನ ಬಳಕೆಯನ್ನು ಅಲ್ಲಗಳೆಯಲಾಗದು, ಸಾಧಿಸಲೂ ಆಗದು.

ಗಟ್ಟಿಯಾದ ಸಾಕ್ಷ್ಯವಿರುವುದು ಬಂಗಾರಪೇಟೆ ತಾಲ್ಲೂಕಿನ ಹುನ್ಕುಂದದಂತಹ ನೆಲೆಗಳ ಬೃಹತ್‌ಶಿಲಾ ಸಮಾಧಿಗಳಲ್ಲಿ. ಇಂಥ ಕಲ್ಮನೆಗಳಿಗೆ ಕನ್ನಡ ನಾಡಿನ ಜನಪದರು ‘ಪಾಂಡವರ ಗುಡಿ’, ‘ಮೋರಿಯರ ಮನೆ’ ಎಂಬ ಹೆಸರುಗಳನ್ನಿಟ್ಟಿದ್ದಾರೆ. ಮೋರಿಯರು ಕುಳ್ಳರು, ಆದರೆ ದೈತ್ಯಬಲದವರು ಎಂಬುದು ಐತಿಹ್ಯ. ಹೆಸರಿನ ಧ್ವನಿಸಾಮ್ಯವನ್ನು ನೆಚ್ಚಿ ಇದನ್ನು ಮೌರ್ಯರಿಗೆ ಜೋಡಿಸುವ ವಾದ ನಿಲ್ಲದು. ಈ ಸಮಾಧಿಗಳ ಪರಂಪರೆ ಮೌರ್ಯರಿಗಿಂತ ಎಷ್ಟೋ ಹಿಂದಿನದು. ಹಾಗೆಂದು ಐತಿಹ್ಯವನ್ನು ಮೂಢನಂಬಿಕೆಯೆಂದು ತಳ್ಳುವುದೂ ಅವಸರವೇ. ಎಷ್ಟೋ ಸಮಾಧಿಗಳ ಚಪ್ಪಡಿಯಲ್ಲಿರುವ ದುಂಡುಗಿಂಡಿಯಲ್ಲಿ ಬೆಳೆದ ಮನುಷ್ಯ ಸಲೀಸಾಗಿ ನುಸುಳಲಾರ. ಆದುದರಿಂದ ಒಳಗಿದ್ದವರು ಕುಳ್ಳರು. ಮೇಲಣ ಚಪ್ಪಡಿಯನ್ನು ನಾಲ್ಕಾರು ಜನ ಎತ್ತಲಾರರು. ಆದುದರಿಂದ ಅವರು ಬಲಶಾಲಿಗಳು. ಇದು ನೋಡಿ ಕಟ್ಟಿದ ಕಥೆ. ಅದು ಸಮಾಧಿ ಕಟ್ಟಿದವರ ಚರಿತ್ರೆಯಲ್ಲ, ಅವರ ನಂತರ ಆ ನೆಲವನ್ನು ಉತ್ತವರ ತರ್ಕ.

ಜಪಾನಿನ ಆದಿಮ ಜನರಿಗೆ ‘ಜೋಮೋನ್’ ಎಂಬ ಹೆಸರು ಬಂದದ್ದು ಅವರ ಮಡಕೆಗಳ ಮೇಲಿನ ಹುರಿಯಚ್ಚಿನಿಂದ. 1877ರಲ್ಲಿ ಓಮೋರಿಯ ಚಿಪ್ಪುದಿಬ್ಬವನ್ನು ಅಗೆಸಿದ ಮೋರ್ಸ್‌ನ ಬರವಣಿಗೆ ಅದಕ್ಕೆ ಮೂಲ. ಅಲ್ಲಿ ವಿದ್ವಾಂಸರು ಹೆಸರಿಟ್ಟರು. ಇಲ್ಲಿ ವಿದ್ವಾಂಸರು ಬರುವ ಮೊದಲೇ ಜನರು ಹೆಸರಿಟ್ಟಿದ್ದರು. 1975ರಲ್ಲಿ ಅ. ಸುಂದರ ಅವರ ಗ್ರಂಥ ದಕ್ಷಿಣ ಭಾರತದ ಕೋಣೆಸಮಾಧಿಗಳ ಅಧ್ಯಯನಕ್ಕೆ ಭದ್ರವಾದ ನೆಲೆ ಒದಗಿಸಿತು. ಇನ್ನು ಆಗಬೇಕಾದುದು ಚಪ್ಪಡಿಯ ಅಳತೆಯ ಪಕ್ಕದಲ್ಲಿ ಊರವರು ಹೇಳುವ ಹೆಸರನ್ನೂ ಕಥೆಯನ್ನೂ ದಾಖಲಿಸುವ ಕೆಲಸ. ಕಲ್ಲು ಒಡೆದು ಸಾಗಿಸಿದ ಮೇಲೆ ಅಳತೆಗೆ ಆಧಾರವಿರದು, ಕಥೆಗೂ ತಾವಿರದು.