ಒರಳುಕಲ್ಲಿನ ಪರದೇಶವಾಸ

ವೆನಿಸ್ಸಿನಲ್ಲಿ 1895ರಿಂದಲೂ, ಜರ್ಮನಿಯ ಕಾಸೆಲ್ಲಿನಲ್ಲಿ 1955ರಿಂದಲೂ, ನೆರೆಯ ಕೊಚ್ಚಿಯಲ್ಲಿ 2012ರಿಂದಲೂ ನಡೆದುಬಂದಿರುವ ಅಂತರರಾಷ್ಟ್ರೀಯ ಕಲಾಪ್ರದರ್ಶನಗಳಿಗೆ ಕಲಾವಿದರು ಹೆಚ್ಚಾಗಿ ಕರೆ ಬಂದ ಹೊರತು ಹೋಗಲಾರರು. ಒಂದೆಡೆ ಕೃತಿಯನ್ನು ಕಂಡ ಸಂಯೋಜಕನು ಇನ್ನೊಂದೆಡೆಗೆ ಕರೆಯುವನು. ಅಲ್ಲಿ ಕಂಡವನು ಮತ್ತೊಂದೆಡೆಗೆ. ಈ ಪರಿಚಯದ ಬಳ್ಳಿಯನ್ನು ಬಲ್ಲ ಕೆಲವರು ಅವುಗಳನ್ನು ನೆಂಟರಿಷ್ಟರ ಮದುವೆಯೆಂದು ಹಳಿಯುವುದುಂಟು. ಹಳಿಯುವುದು ಸುಲಭವೇ ಸರಿ. ಆದರೆ ಕರೆ ಬಂದಾಗ ಕೃತಿಯು ತನ್ನ ಬೆನ್ನ ಹಿಂದೆ ಯಾರನ್ನು ಕರೆದೊಯ್ದಿತೆಂಬುದು ವಿಮರ್ಶಕನು ಕೇಳಬೇಕಾದ ಪ್ರಶ್ನೆ.

1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡರು 2007ರಲ್ಲಿ ಕಾಸೆಲ್ಲಿಗೂ 2009ರಲ್ಲಿ ವೆನಿಸ್ಸಿಗೂ ಆಹ್ವಾನಿತರಾದರು. ವೆನಿಸ್ಸಿನಲ್ಲಿ ಅವರು ಮೋಟಾರು ಬಂಡಿಗಳ ಬಂಪರುಗಳನ್ನು ಮನುಷ್ಯರ ಕೂದಲಿನಿಂದ ಹೊಸೆದ ನಾಲ್ಕು ಸಾವಿರ ಮೀಟರು ಹಗ್ಗದಲ್ಲಿ ತೂಗಿಬಿಟ್ಟರು. ಅರಬೈಲು ಘಟ್ಟವನ್ನೇರಿ ಬರುವ ಲಾರಿಗಳನ್ನು ದಿನವೂ ಕಾಣುವ ಇಡಗುಂದಿಯವರಿಗೆ, ದೃಷ್ಟಿ ತಾಗದಿರಲೆಂದು ಕಟ್ಟುವ ಆ ಕರಿಯ ಹಗ್ಗವು ಹೊಸದೇನಲ್ಲ. ದೇವರಿಗೆ ಮುಡಿಯೊಪ್ಪಿಸಿದ ಭಕ್ತರು ತಮಗರಿವಿಲ್ಲದೆಯೇ ಆ ಪ್ರದರ್ಶನವನ್ನು ಹೊಕ್ಕರು.

2012ರ ಕೊಚ್ಚಿಯ ಕೃತಿ ಇನ್ನೂ ಹತ್ತಿರದ್ದು. ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಟ್ಸ್‌ರೊಡನೆ ಕೂಡಿ ಅವರು ಬೆಂಗಳೂರಿನ ಬೀದಿಗಳಲ್ಲಿ ಜನರು ತೊರೆದ ಒರಳುಕಲ್ಲುಗಳನ್ನು ನೂರಕ್ಕೂ ಮೀರಿ ಒಟ್ಟುಗೂಡಿಸಿ, ಹಳೆಯ ವ್ಯಾಪಾರಿ ಮಳಿಗೆಯಾದ ಆಸ್ಪಿನ್‌ವಾಲ್ ಹೌಸಿನಲ್ಲಿ ಹಿನ್ನೀರಿನ ದಂಡೆಗೆ ಇರಿಸಿದರು. ವಿದ್ಯುತ್ತಿನ ಯಂತ್ರ ಬಂದೊಡನೆ ಕಲ್ಲು ಅಡಿಗೆಮನೆಯಿಂದ ಹೊರಬಿತ್ತು. ಪೂಜೆಗೊಂಡ ವಸ್ತುವಾದ್ದರಿಂದ ಒಡೆಯಲು ಮನಸ್ಸಿಲ್ಲ, ಇಡಲು ಸ್ಥಳವಿಲ್ಲ. ಯಲ್ಲಾಪುರ ಸೀಮೆಯ ಎಷ್ಟೋ ಹಿತ್ತಿಲುಗಳಲ್ಲಿ ತಂಬುಳಿಗೆ ಅರೆದ ಕಲ್ಲೇ ಇಂದು ಮಳೆನೀರು ತುಂಬಿ ಕುಳಿತಿಲ್ಲವೆ? ತಲೆಮಾರುಗಳ ಕೈ ಸವೆಸಿದ ನುಣುಪು ಗುಳಿಯನ್ನು ಯಾವ ಉಳಿಯೂ ಕಡೆಯಲಾರದು. ಮೆಣಸು ಯಾಲಕ್ಕಿಗಳು ಹಡಗನ್ನೇರುತ್ತಿದ್ದ ದಂಡೆಯಲ್ಲಿ, ಅವನ್ನು ಅರೆದ ಕಲ್ಲುಗಳು ಹಡಗು ಕಾಯುವಂತೆ ಕುಳಿತದ್ದು ಈ ಕೃತಿಯ ಜೀವಾಳ. ಕಲ್ಲುಗಳು ರಾಶಿಯಾದಾಗ ಒಂದೊಂದರ ಮನೆತನ ಮರೆಯಾಗುವುದೆಂಬ ಕೊರತೆಯನ್ನೂ ಹೇಳಲೇಬೇಕು.

2022ರಲ್ಲಿ ಕಾಸೆಲ್ಲಿನ ಭಾರವನ್ನು ಹೊತ್ತ ಜಕಾರ್ತದ ರುವಾಂಗ್ರೂಪಾ ಕೂಟವು ಬಲೆಯನ್ನೇ ಕಲೆಯಾಗಿಸಿತು. ಊರಿನ ಸಾಮುದಾಯಿಕ ಭತ್ತದ ಕಣಜವಾದ 'ಲುಂಬುಂಗ್' ಅವರ ಆದರ್ಶ. ಕೂಟವು ಕೂಟವನ್ನು ಕರೆದು, ಭಾಗಿಗಳು ಸಾವಿರದೈನೂರನ್ನು ಮೀರಿದರು. ಹಣದ ಒಂದು ಪಾಲೂ ಸಮಾನ ಹುಂಡಿಗೆ ಬಿತ್ತು. 1923ರಿಂದ ಸಹಕಾರ ಸಂಘದ ಮೂಲಕ ಅಡಕೆ ಮಾರುತ್ತಿರುವ ಶಿರಸಿಯ ತೋಟಿಗರಿಗೆ ಇದು ಒಪ್ಪುವ ಮಾತು. ಆದರೆ ಯಹೂದಿದ್ವೇಷದ ಚಿತ್ರಗಳಿದ್ದ ಭಾರಿ ಪಟವೊಂದನ್ನು ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಇಳಿಸಬೇಕಾಯಿತು. ಹೊಣೆ ಅಷ್ಟೊಂದು ಮಂದಿಗೆ ಹಂಚಿಹೋದಾಗ ಏರಿಸುವ ಮೊದಲು ನೋಡಬೇಕಾದವರು ಯಾರೆಂಬುದೇ ಅಸ್ಪಷ್ಟವಾಯಿತು. ಕಣಜ ದೊಡ್ಡದಾಯಿತು, ಕಾಳನ್ನು ಆರಿಸುವ ಕೆಲಸ ಹಿಂದೆ ಬಿತ್ತು.

ಶಿರಸಿ ಸಿದ್ದಾಪುರಗಳ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ ಬರೆಯುವ ಹಸೆ ಚಿತ್ತಾರಕ್ಕೂ ಇಂತಹ ಕರೆ ಬಂದೀತು. ಆಗ ಪಟ್ಟಿಯಲ್ಲಿ ಅಚ್ಚಾಗಬೇಕಾದ್ದು ಕಳುಹಿಸಿದ ಸಂಸ್ಥೆಯ ಹೆಸರೋ, ಜಾತಿಯ ಹೆಸರೋ, ಬರೆದವಳ ಹೆಸರೋ ಎಂಬುದನ್ನು ಸೀಮೆಯ ಕಲಾಭಿಮಾನಿಗಳು ಕರೆ ಬರುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.