ಬೆಸುಗೆ ಇಲ್ಲದ ಜೋಡಿ ಪದವಿ

ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗನ್ನೂ ಬಿ.ಎ.ಯನ್ನೂ ಒಟ್ಟಿಗೆ ಓದುವ ಜೋಡಿ ಪದವಿ ಬಹುಕಾಲದಿಂದ ನಡೆದುಬಂದಿದೆ. ಬಿಡಿಬಿಡಿಯಾಗಿ ಓದಿದರೆ ಎಂಜಿನಿಯರಿಂಗಿಗೆ ನಾಲ್ಕು ವರ್ಷ, ಬಿ.ಎ.ಗೆ ಮೂರು. ಕೂಡಿಸಿ ಓದಿದರೆ ಐದು. ಮೊನಾಶ್ ಮತ್ತು ಸಿಡ್ನಿ ವಿಶ್ವವಿದ್ಯಾಲಯಗಳಲ್ಲಿ ಇದೇ ಅಳತೆ. ಯಂತ್ರವನ್ನೂ ಸಮಾಜವನ್ನೂ ಒಂದೇ ಕಣ್ಣಿನಿಂದ ನೋಡಬಲ್ಲ ಎಂಜಿನಿಯರನ್ನು ಈ ಪದವಿ ರೂಪಿಸುತ್ತದೆ ಎಂಬ ಖ್ಯಾತಿ ಅದಕ್ಕಿದೆ. ಪದವಿಯ ರಚನೆಯನ್ನು ಬಿಡಿಸಿ ನೋಡಿದರೆ ಆ ಖ್ಯಾತಿಗೆ ತಕ್ಕ ಆಧಾರ ಸಿಗುವುದಿಲ್ಲ. ಅದು ಎರಡು ಶಿಕ್ಷಣಗಳನ್ನು ಒಬ್ಬ ವಿದ್ಯಾರ್ಥಿಯ ವೇಳಾಪಟ್ಟಿಯಲ್ಲಿ ಅಕ್ಕಪಕ್ಕ ಇರಿಸುತ್ತದೆ; ಅವು ಒಂದನ್ನೊಂದು ಪ್ರಶ್ನಿಸಲೇಬೇಕಾದ ಸಂದರ್ಭವನ್ನು ಮಾತ್ರ ಎಲ್ಲಿಯೂ ಒದಗಿಸುವುದಿಲ್ಲ.

ಮೊದಲಿಗೆ ಲೆಕ್ಕ. ಪೂರ್ಣಾವಧಿಯ ವಿದ್ಯಾರ್ಥಿ ವರ್ಷಕ್ಕೆ ಎಂಟು ವಿಷಯ ಓದುತ್ತಾನೆ ಎಂದಿಟ್ಟುಕೊಂಡರೆ ಏಳು ವರ್ಷಕ್ಕೆ 56 ವಿಷಯಗಳಾಗುತ್ತವೆ, ಐದು ವರ್ಷಕ್ಕೆ 40. ಹದಿನಾರು ವಿಷಯಗಳು ಬಿಟ್ಟುಹೋಗುತ್ತವೆ. ಎಂಜಿನಿಯರಿಂಗಿನ ತಿರುಳಿಗೆ ಕತ್ತರಿ ಹಾಕುವಂತಿಲ್ಲ. ಅದಕ್ಕೆ ಎಂಜಿನಿಯರ್ಸ್ ಆಸ್ಟ್ರೇಲಿಯ ಸಂಸ್ಥೆಯ ಮಾನ್ಯತೆ ಬೇಕು. ಆ ಮಾನ್ಯತೆಯ ಬೆನ್ನಿಗೆ 1989ರ ವಾಷಿಂಗ್ಟನ್ ಒಪ್ಪಂದವಿದೆ. ಹೊರದೇಶಗಳಲ್ಲಿ ಪದವಿಗೆ ಬೆಲೆ ಬರುವುದು ಅದರಿಂದ. ಹಾಗಾಗಿ ಹೋಗುವುದು ಎರಡೂ ಕಡೆಯ ಐಚ್ಛಿಕ ವಿಷಯಗಳು. ಎಂಜಿನಿಯರಿಂಗಿನಲ್ಲಿ ಅವು ಮೊದಲೇ ಕಡಿಮೆ. ಬಿ.ಎ.ಯಲ್ಲಾದರೋ ಅವೇ ಜೀವಾಳ. ಇತಿಹಾಸ ಓದುವವನು ಒಂದು ಸೆಮಿಸ್ಟರ್ ಮಾನವಶಾಸ್ತ್ರದ ತರಗತಿಯಲ್ಲಿ ಕೂತು, ಅಲ್ಲಿಂದ ತತ್ತ್ವಶಾಸ್ತ್ರಕ್ಕೆ ಹೋಗಿ, ತನ್ನ ವಿಷಯಕ್ಕೆ ಬೇರೆ ಪ್ರಶ್ನೆ ಹೊತ್ತು ಮರಳುವುದು ಅವುಗಳಿಂದ ಸಾಧ್ಯವಾಗುತ್ತದೆ. ಜೋಡಿ ಪದವಿಯಲ್ಲಿ ಕೊನೆಗೆ ಉಳಿಯುವುದು ಒಂದು ಮೇಜರ್, ಅದರ ಜೊತೆಗೆ ಒಂದು ಮೈನರ್ ಅಥವಾ ಬೆರಳೆಣಿಕೆಯ ಬಿಡಿ ವಿಷಯಗಳು.

ಇದಕ್ಕಿಂತ ದೊಡ್ಡ ಕೊರತೆ ಆನರ್ಸ್‌ಗೆ ಸಂಬಂಧಿಸಿದ್ದು. ಖ್ಯಾತಿಯ ಮಾತಾಡುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ಆಸ್ಟ್ರೇಲಿಯದ ಅರ್ಹತಾ ಚೌಕಟ್ಟಿನಲ್ಲಿ ಸಾಮಾನ್ಯ ಬಿ.ಎ. ಏಳನೆಯ ಹಂತದಲ್ಲಿದ್ದರೆ ನಾಲ್ಕು ವರ್ಷದ ಎಂಜಿನಿಯರಿಂಗ್ ಆನರ್ಸ್ ಪದವಿ ಎಂಟನೆಯದರಲ್ಲಿದೆ. ಎಂಜಿನಿಯರಿಂಗಿನಲ್ಲಿ ಆನರ್ಸ್ ಪದವಿಯೊಳಗೇ ಸೇರಿಕೊಂಡಿದೆ. ಕೊನೆಯ ವರ್ಷದ ಸಂಶೋಧನಾ ಯೋಜನೆ ಅದರ ಭಾಗ. ಕಲೆಯಲ್ಲಿ ಹಾಗಿಲ್ಲ. ಮೂರು ವರ್ಷ ಮುಗಿದ ಮೇಲೆ ಪ್ರತ್ಯೇಕವಾಗಿ ಇನ್ನೊಂದು ವರ್ಷ ಓದಿ, ದೀರ್ಘ ಪ್ರಬಂಧ ಬರೆದರೆ ಮಾತ್ರ ಆನರ್ಸ್ ಸಿಗುತ್ತದೆ. ಐದು ವರ್ಷದ ಜೋಡಿ ಪದವಿಯಲ್ಲಿ ಆ ವರ್ಷಕ್ಕೆ ಎಡೆ ಇಲ್ಲ.

ಇದರ ಪರಿಣಾಮವನ್ನು ನಿಧಾನವಾಗಿ ನೋಡಬೇಕು. ವಿದ್ಯಾರ್ಥಿ ಎಂಜಿನಿಯರಿಂಗಿನಲ್ಲಿ ತಾನೇ ಒಂದು ಪ್ರಶ್ನೆ ಹಿಡಿಯುತ್ತಾನೆ, ಪ್ರಯೋಗ ಮಾಡುತ್ತಾನೆ, ಫಲಿತಾಂಶ ಕೈಕೊಟ್ಟಾಗ ಏಕೆಂದು ಯೋಚಿಸುತ್ತಾನೆ, ತನ್ನ ತೀರ್ಮಾನವನ್ನು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುತ್ತಾನೆ. ಕಲೆಯಲ್ಲಿ ಅವನು ಇತರರು ಹಾಕಿದ ಪ್ರಶ್ನೆಗಳಿಗೆ ಎರಡು-ಮೂರು ಸಾವಿರ ಪದಗಳ ಲೇಖನ ಬರೆಯುವಲ್ಲಿಗೆ ನಿಲ್ಲುತ್ತಾನೆ. ದಾಖಲೆಗಳ ರಾಶಿಯಲ್ಲಿ ತಿಂಗಳುಗಟ್ಟಲೆ ಕೂತು, ಎರಡು ಸಾಕ್ಷ್ಯಗಳು ಒಂದಕ್ಕೊಂದು ಒಗ್ಗದಿದ್ದಾಗ ಯಾವುದನ್ನು ಏಕೆ ನಂಬಬೇಕೆಂದು ನಿರ್ಧರಿಸುವ ಹೊಣೆ ಅವನ ಮೇಲೆ ಬೀಳುವುದೇ ಇಲ್ಲ. ಒಂದು ಕ್ಷೇತ್ರದಲ್ಲಿ ಅವನು ಕೆಲಸಗಾರನಾಗುತ್ತಾನೆ, ಇನ್ನೊಂದರಲ್ಲಿ ಓದುಗನಾಗಿಯೇ ಉಳಿಯುತ್ತಾನೆ. ಪ್ರಮಾಣಪತ್ರದಲ್ಲಿ ಎರಡಕ್ಕೂ ಸಮಾನ ಸ್ಥಾನ. ಈ ಏರುಪೇರು ತಿಳಿಯದೆ ಆದ ಕಣ್ತಪ್ಪಲ್ಲ. ಮಾನ್ಯತೆಯ ನಿಯಮ ಒಂದು ಕಡೆಯನ್ನು ಕಾಯುತ್ತದೆ, ಇನ್ನೊಂದನ್ನು ಕಾಯುವವರಿಲ್ಲ.

ಕಳೆದುಕೊಂಡದ್ದು ಏನೆಂದು ತಿಳಿಯಲು ಮೊನಾಶ್ ವಿಶ್ವವಿದ್ಯಾಲಯದ ಕ್ಲೇಟನ್ ಆವರಣವೇ ಸಾಕು. ಅಲ್ಲಿನ ಎಂಜಿನಿಯರಿಂಗ್ ವಿಭಾಗದ ತೋಟದಲ್ಲಿ ಮೆಲ್ಬರ್ನ್‌ನ ವೆಸ್ಟ್ ಗೇಟ್ ಸೇತುವೆಯ ತಿರುಚಿದ ಆರು ಉಕ್ಕಿನ ತುಂಡುಗಳನ್ನು ಇಡಲಾಗಿದೆ. 1970ರ ಅಕ್ಟೋಬರ್ 15ರಂದು, ಕಟ್ಟುತ್ತಿದ್ದಾಗಲೇ, 112 ಮೀಟರ್ ಉದ್ದದ ಒಂದು ಅಂಕಣ ಕುಸಿದು 35 ಮಂದಿ ಸತ್ತರು. ಉಕ್ಕಿನ ಪೆಟ್ಟಿಗೆಯಾಕಾರದ ತೊಲೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಬೇರೆಬೇರೆಯಾಗಿ ಜೋಡಿಸಿ, ಮೇಲೇರಿಸಿದ ನಂತರ ಕೂಡಿಸುವ ವಿಧಾನವನ್ನು ಅಲ್ಲಿ ಅನುಸರಿಸಲಾಗಿತ್ತು. ಎರಡು ಭಾಗಗಳ ಎತ್ತರದಲ್ಲಿ ಸುಮಾರು 114 ಮಿಲಿಮೀಟರ್ ವ್ಯತ್ಯಾಸ ಬಂತು. ಮೇಲಿದ್ದ ಭಾಗವನ್ನು ಕೆಳಗೆ ಒತ್ತಲು ತಲಾ ಎಂಟು ಟನ್ನಿನ ಕಾಂಕ್ರೀಟ್ ದಿಮ್ಮಿಗಳನ್ನು ಹೇರಲಾಯಿತು. ತಗಡು ಉಬ್ಬಿತು. ಉಬ್ಬನ್ನು ಸರಿಪಡಿಸಲು ಬೋಲ್ಟುಗಳನ್ನು ಬಿಚ್ಚುತ್ತಿದ್ದಾಗ ಅಂಕಣ ನೆಲಕ್ಕೆ ಬಂತು.

ತಗಡು ಏಕೆ ಉಬ್ಬಿತು ಎಂಬುದಕ್ಕೆ ಎಂಜಿನಿಯರಿಂಗ್ ತರಗತಿಯಲ್ಲಿ ಪೂರ್ಣ ಉತ್ತರವಿದೆ. ಬೋಲ್ಟು ಬಿಚ್ಚುವ ತೀರ್ಮಾನದವರೆಗೆ ಕೆಲಸ ಹೇಗೆ ಬಂತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅದೇ ವರ್ಷದ ಜೂನ್‌ನಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿ ಇದೇ ವಿನ್ಯಾಸ ಸಂಸ್ಥೆಯ, ಇದೇ ಬಗೆಯ ಸೇತುವೆ ಕುಸಿದು ನಾಲ್ವರು ಸತ್ತಿದ್ದರು. ಆ ಮೇಲೆ ಮೆಲ್ಬರ್ನ್‌ನ ಕಾರ್ಮಿಕರಿಗೆ ತಮ್ಮ ಸೇತುವೆ ಭದ್ರವಾಗಿದೆ ಎಂಬ ಭರವಸೆ ಸಿಕ್ಕಿತ್ತು. ಉಕ್ಕಿನ ಕೆಲಸದ ಗುತ್ತಿಗೆ ನಡುದಾರಿಯಲ್ಲಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ಕೈ ಬದಲಾಗಿತ್ತು. ಮುಷ್ಕರಗಳು ನಡೆದಿದ್ದವು, ಕೆಲಸ ಹಿಂದೆ ಬಿದ್ದಿತ್ತು. 1971ರಲ್ಲಿ ಬಂದ ರಾಯಲ್ ಕಮಿಷನ್ ವರದಿಯಲ್ಲಿ ಇವೆಲ್ಲ ಇವೆ. ಅದನ್ನು ಸರಿಯಾಗಿ ಓದುವವನಿಗೆ ತಗಡಿನ ಬಾಗುವಿಕೆಯ ಗಣಿತವೂ ಬೇಕು, ಪ್ರತಿ ಸಾಕ್ಷಿಯೂ ತನ್ನ ಸ್ಥಾನದಿಂದಲೇ ಮಾತಾಡುತ್ತಾನೆಂದು ಬಲ್ಲ ಇತಿಹಾಸಕಾರನ ಎಚ್ಚರವೂ ಬೇಕು. ಆ ಎರಡೂ ಇರಬಹುದಾದವನು ಜೋಡಿ ಪದವಿಯ ವಿದ್ಯಾರ್ಥಿಯೊಬ್ಬನೇ. ಆದರೆ ಸಾಮಾನ್ಯ ಜೋಡಿ ಪದವಿಯ ನಿಯಮಗಳು ಅವನಿಂದ ಇಂಥ ಓದನ್ನು ಕೇಳುವುದಿಲ್ಲ. ಅವನು ಬೆಳಿಗ್ಗೆ ಒಂದು ಕಟ್ಟಡದಲ್ಲಿ ತೊಲೆಯ ಲೆಕ್ಕ ಮಾಡಿ, ಮಧ್ಯಾಹ್ನ ಇನ್ನೊಂದರಲ್ಲಿ ಯುರೋಪಿನ ಯುದ್ಧಗಳ ಬಗ್ಗೆ ಬರೆದು ಪದವಿ ಪಡೆಯಬಹುದು.

ಜೋಡಿ ಪದವಿಯ ಸಮರ್ಥಕರು ಆಧಾರವಾಗಿ ಎತ್ತಿಕೊಳ್ಳುವುದು ಸಿ.ಪಿ. ಸ್ನೋ 1959ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ‘ಎರಡು ಸಂಸ್ಕೃತಿಗಳು’ ಉಪನ್ಯಾಸವನ್ನು. ಆ ಆಧಾರ ಗಟ್ಟಿಯಲ್ಲ. ಉಷ್ಣಚಲನಶಾಸ್ತ್ರದ ಎರಡನೆಯ ನಿಯಮ ಗೊತ್ತಿಲ್ಲದ ಸಾಹಿತ್ಯವಂತರನ್ನು ಸ್ನೋ ಆಕ್ಷೇಪಿಸಿದ್ದು ನಿಜ. ಆದರೆ ಅವರು ಮುಂದಿಟ್ಟ ಪರೀಕ್ಷೆ ತಿಳಿವಳಿಕೆಯದು: ಇದು ಗೊತ್ತೆ, ಅದನ್ನು ಓದಿದ್ದೀರಾ. ಜೋಡಿ ಪದವಿಯ ಯಾವ ವಿದ್ಯಾರ್ಥಿಯೂ ಆ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತಾನೆ. ನಿಯಮವೂ ಗೊತ್ತು, ಷೇಕ್ಸ್‌ಪಿಯರ್‌ನನ್ನೂ ಓದಿದ್ದಾನೆ. ಅಷ್ಟರಿಂದ ಎರಡು ಸಂಸ್ಕೃತಿಗಳ ನಡುವಣ ಕಂದಕ ಮುಚ್ಚಿತೆಂದರೆ ಅದು ಅವನೊಳಗೇ ಬಂದು ಕೂತಿದೆ ಎಂದಷ್ಟೇ ಅರ್ಥ. 1962ರಲ್ಲಿ ಎಫ್.ಆರ್. ಲೀವಿಸ್ ಸ್ನೋ ಮೇಲೆ ಮಾಡಿದ ದಾಳಿಯ ಕಟುತನ ಇಂದಿಗೂ ಒಪ್ಪುವಂಥದ್ದಲ್ಲ. ಹಾಗೆಂದು ಅದನ್ನು ವಿಜ್ಞಾನದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ. ಸಾಹಿತ್ಯದ ಓದು ತೀರ್ಪು ಕೊಡುವ ಶಿಸ್ತು, ಸಂಗ್ರಹಿಸಿಟ್ಟುಕೊಳ್ಳುವ ಮಾಹಿತಿಯಲ್ಲ ಎಂಬುದು ಅವರ ವಾದದ ತಿರುಳು. ಜೋಡಿ ಪದವಿ ಸೋಲುವುದು ಸರಿಯಾಗಿ ಈ ಜಾಗದಲ್ಲಿ. ಸ್ನೋ ಕೇಳಿದ್ದನ್ನು ಅದು ಕೊಟ್ಟಿದೆ. ಲೀವಿಸ್ ಕೇಳಿದ್ದನ್ನು ಕೊಟ್ಟಿಲ್ಲ.

ಅಮೆರಿಕದ ಸಿವಿಲ್ ಎಂಜಿನಿಯರ್ ಸ್ಯಾಮ್ಯುಯೆಲ್ ಫ್ಲೋರ್ಮನ್ 1968ರಲ್ಲಿ ಎಂಜಿನಿಯರಿಂಗ್ ಮತ್ತು ಮಾನವಿಕಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ದಾರಿ ಬೇರೆ: ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳಿಂದ ಎಂಜಿನಿಯರನ ವ್ಯಕ್ತಿತ್ವ ಸಮೃದ್ಧವಾಗುತ್ತದೆ. ಇದು ಸುಳ್ಳಲ್ಲ, ಸಾಲದ ಮಾತು. ವ್ಯಕ್ತಿತ್ವದ ಸಮೃದ್ಧಿಯೇ ಗುರಿಯಾದರೆ ಅದಕ್ಕೆ ಪದವಿಯೇ ಬೇಕಿಲ್ಲ. ಕನ್ನಡದಲ್ಲಿ ವಿವೇಕ ಶಾನಭಾಗ, ವಸುಧೇಂದ್ರ ಇಬ್ಬರೂ ಎಂಜಿನಿಯರಿಂಗ್ ಓದಿ ಬಂದ ಕಥೆಗಾರರು. ಅವರ ಸಾಹಿತ್ಯಕ್ಕೆ ಯಾವ ಜೋಡಿ ಪದವಿಯ ಹಂಗೂ ಇಲ್ಲ. ವಿಶ್ವವಿದ್ಯಾಲಯ ಕೊಡಬೇಕಾದದ್ದು ಮನೆಯಲ್ಲಿ ಕೂತು ಗಳಿಸಲಾಗದ ವಿಧಾನ ಮತ್ತು ಅದರ ಪರೀಕ್ಷೆ.

ಇನ್ನೂ ಹೆಚ್ಚು ಕೇಳಿಬರುವ ಉದಾಹರಣೆ ಜಾನ್ ಮೊನಾಶ್ ಅವರದು. ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್, ಕಲೆ, ಕಾನೂನು ಮೂರರಲ್ಲೂ ಪದವಿ ಪಡೆದವರು, ಆಸ್ಟ್ರೇಲಿಯದಲ್ಲಿ ಕಬ್ಬಿಣ ಸೇರಿಸಿದ ಕಾಂಕ್ರೀಟಿನ ಸೇತುವೆಗಳನ್ನು ಕಟ್ಟಿದವರು, 1918ರಲ್ಲಿ ಆಸ್ಟ್ರೇಲಿಯನ್ ಸೇನಾದಳವನ್ನು ಮುನ್ನಡೆಸಿದವರು. ಆದರೆ 1882ರಲ್ಲಿ ವಿಶ್ವವಿದ್ಯಾಲಯ ಸೇರಿದ ಅವರು ಕಲೆ ಮತ್ತು ಕಾನೂನಿನ ಪದವಿ ಪಡೆದದ್ದು 1895ರಲ್ಲಿ. ನಡುವೆ ಸೇತುವೆ, ರೈಲುಮಾರ್ಗಗಳ ಮೇಲೆ ದುಡಿದಿದ್ದರು. ಕಾನೂನು ಮತ್ತು ಎಂಜಿನಿಯರಿಂಗ್ ಅವರಲ್ಲಿ ಬೆರೆತದ್ದು ಗುತ್ತಿಗೆದಾರರ ವ್ಯಾಜ್ಯಗಳಲ್ಲಿ ತಾಂತ್ರಿಕ ಸಾಕ್ಷ್ಯ ಹೇಳಬೇಕಾಗಿ ಬಂದಾಗ. ಹದಿಮೂರು ವರ್ಷಗಳ ಆ ಕೆಲಸವನ್ನು ಐದು ವರ್ಷದ ಪಠ್ಯಕ್ರಮದ ಸಾಧನೆ ಎಂಬಂತೆ ಉದಾಹರಿಸುವುದು ಮೊನಾಶ್‌ಗೂ ಸಲ್ಲದು, ಪದವಿಗೂ ಸಲ್ಲದು.

ಶುಲ್ಕದ ವ್ಯವಸ್ಥೆಯೂ ಏರುಪೇರನ್ನು ಹೆಚ್ಚಿಸಿದೆ. 2021ರಿಂದ ಜಾರಿಗೆ ಬಂದ ಸರ್ಕಾರಿ ನೀತಿಯಲ್ಲಿ ಸ್ಥಳೀಯ ವಿದ್ಯಾರ್ಥಿಯ ಪಾಲು ಎಂಜಿನಿಯರಿಂಗಿಗೆ ವರ್ಷಕ್ಕೆ 7,700 ಡಾಲರಿಗೆ ಇಳಿಯಿತು. ಇತಿಹಾಸ, ತತ್ತ್ವಶಾಸ್ತ್ರಗಳಿಗೆ 14,500ಕ್ಕೆ ಏರಿತು. ಇಂಗ್ಲಿಷ್ ಮತ್ತು ಭಾಷೆಗಳು 3,950ರ ಅಗ್ಗದ ಗುಂಪಿನಲ್ಲಿ ಸೇರಿದವು. ಲೆಕ್ಕ ನಡೆಯುವುದು ವಿಷಯವಾರು. ಹೀಗಾಗಿ ಜೋಡಿ ಪದವಿಯ ವಿದ್ಯಾರ್ಥಿಗೆ ಸೇತುವೆ ವಿನ್ಯಾಸದ ಒಂದು ವಿಷಯಕ್ಕೆ 960 ಡಾಲರಿನಷ್ಟಾದರೆ ಇತಿಹಾಸದ ಒಂದಕ್ಕೆ 1,810ರಷ್ಟಾಯಿತು. ಎರಡು ಶಿಕ್ಷಣಗಳ ಸಮಾನತೆಯನ್ನು ಹೊಗಳುವ ಪದವಿಯಲ್ಲಿ ಒಂದನ್ನು ಆರಿಸಿದ್ದಕ್ಕೆ ದಂಡ ಕಟ್ಟಿದಂತೆ ಇದು. 2024ರ ಯೂನಿವರ್ಸಿಟೀಸ್ ಅಕಾರ್ಡ್ ವರದಿಯೂ ಈ ಶುಲ್ಕಪದ್ಧತಿ ಬದಲಾಗಬೇಕೆಂದಿತು.

ಪದವಿ ನಿಜಕ್ಕೂ ಗೆಲ್ಲುವ ಒಂದು ಕಡೆ ಇದೆ; ಅದು ಭಾಷೆ. ಜಪಾನಿ ಅಥವಾ ಜರ್ಮನ್ ಅನ್ನು ಮೇಜರ್ ಆಗಿ ಓದಿದ ಎಂಜಿನಿಯರಿಗೆ ಆ ದೇಶದ ಕಾರ್ಖಾನೆಯಲ್ಲಿ ಎರಡೂ ಕಲಿಕೆಗಳು ಒಂದೇ ದಿನ, ಒಂದೇ ಮೇಜಿನ ಮುಂದೆ ಕೆಲಸಕ್ಕೆ ಬರುತ್ತವೆ. ಅಲ್ಲಿಯೂ ಅವನ್ನು ಬೆಸೆಯುವುದು ಕಾರ್ಖಾನೆಯೇ ಹೊರತು ಪಠ್ಯಕ್ರಮವಲ್ಲ.

ಇದಕ್ಕೆ ಬೇಕಾದ ತಿದ್ದುಪಡಿ ದೊಡ್ಡದಲ್ಲ. ಕೊನೆಯ ವರ್ಷದ ಪ್ರಬಂಧ ಎರಡೂ ವಿಭಾಗಗಳಿಗೆ ಸೇರಿದ್ದಾಗಬೇಕು; ಇಬ್ಬರು ಮಾರ್ಗದರ್ಶಕರು, ಎರಡೂ ಕಡೆಯ ಪರೀಕ್ಷಕರು, ಯಾವುದೇ ಒಂದು ಕಡೆಯಿಂದ ಅನುತ್ತೀರ್ಣವಾದರೂ ಪ್ರಬಂಧ ಅನುತ್ತೀರ್ಣ. ವೆಸ್ಟ್ ಗೇಟ್‌ನಂಥ ಒಂದು ವಿಷಯ ಸಾಕು.

ಭಾರತದಲ್ಲಿ ಈ ಪ್ರಶ್ನೆ ಈಗ ತುರ್ತಿನದು. ಪಿಲಾನಿಯ ಬಿಟ್ಸ್‌ನಲ್ಲಿ ಅರ್ಥಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದವರು ಮೊದಲ ವರ್ಷದ ಅಂಕಗಳ ಮೇಲೆ ಎಂಜಿನಿಯರಿಂಗ್ ಶಾಖೆಯನ್ನೂ ಪಡೆಯುವ ವ್ಯವಸ್ಥೆ ಮೊದಲಿನಿಂದ ಇದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅನುಮತಿ ಕೊಟ್ಟಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ದಿನವಿಡೀ ಕಳೆಯುವ ವಿದ್ಯಾರ್ಥಿಗೆ ಇದರಿಂದ ದೊರೆಯುವ ದಾರಿ ಹೆಚ್ಚಾಗಿ ದೂರಶಿಕ್ಷಣದ ಬಿ.ಎ. ಎರಡನ್ನೂ ನೇರ ತರಗತಿಯಲ್ಲೇ ಓದುವವರಿಗೆ ಯುಜಿಸಿ ಹಾಕಿದ ಮುಖ್ಯ ಷರತ್ತು, ತರಗತಿಗಳ ವೇಳೆ ಒಂದರ ಮೇಲೊಂದು ಬೀಳಬಾರದು ಎಂಬುದು. ಎರಡು ಓದುಗಳೂ ಒಂದೇ ಪ್ರಶ್ನೆಯ ಮೇಲೆ ಕೂಡಬೇಕೆಂಬ ಷರತ್ತನ್ನು ವಿಶ್ವವಿದ್ಯಾಲಯಗಳೇ ಸೇರಿಸಿಕೊಳ್ಳಬೇಕಾಗಿದೆ. ಅದಕ್ಕೆ ಯುಜಿಸಿಯ ಅಡ್ಡಿಯಿಲ್ಲ.