ಐತಿಹಾಸಿಕ ಪ್ರಣಯ ಕಾದಂಬರಿ ಮತ್ತು ಆಕರಶೋಧನೆ: ಶಾಂತಲೆಯಿಂದ ಉಳ್ಳಾಲದ ರಾಣಿಯವರೆಗೆ

ಕನ್ನಡದ ಐತಿಹಾಸಿಕ ಕಾದಂಬರಿಗಳ ವಿಮರ್ಶೆ ಸಾಮಾನ್ಯವಾಗಿ ಯುದ್ಧ, ರಾಜಕಾರಣ, ಕಾಲನಿರ್ಣಯಗಳ ಸತ್ಯಾಸತ್ಯತೆಯನ್ನು ಕುರಿತು ನಡೆಯುತ್ತದೆ. ಪ್ರಣಯದ ಭಾಗವನ್ನು ಮಾತ್ರ ಕಲ್ಪನೆಯ ಸೊತ್ತೆಂದು ವಿಮರ್ಶಕರು ಬಿಟ್ಟುಕೊಡುತ್ತಾರೆ. ಗಂಡು ಹೆಣ್ಣುಗಳ ಒಲವು ಎಲ್ಲ ಕಾಲಕ್ಕೂ ಒಂದೇ, ಅದಕ್ಕೆ ಆಕರವೇಕೆ ಎಂಬುದು ಈ ಔದಾರ್ಯದ ಹಿಂದಿರುವ ತರ್ಕ. ಜೈನ ಶಾಸನ, ಹಸ್ತಪ್ರತಿಗಳಲ್ಲಿ ಕೆಲಸ ಮಾಡುವವರಿಗೆ ಇದು ಒಪ್ಪಿಗೆಯಾಗದು. ಮದುವೆ, ಸವತಿ, ಸಂತಾನ, ಮರಣ ಇವೆಲ್ಲ ಧರ್ಮಕ್ಕೂ ಕುಲದ ಕಟ್ಟಳೆಗೂ ಒಳಪಟ್ಟವು. ಆಕರಶೋಧನೆ ಅತ್ಯಂತ ಅಗತ್ಯವಾಗುವುದು ಪ್ರಣಯದ ಎಡೆಯಲ್ಲಿಯೇ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯನ್ನು ಕುರಿತ ಎರಡು ಪ್ರಸಿದ್ಧ ಕಾದಂಬರಿಗಳು ಇದಕ್ಕೆ ನಿದರ್ಶನ: ಕೆ. ವಿ. ಅಯ್ಯರರ ‘ಶಾಂತಲಾ’ ಮತ್ತು ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’. ಮಕ್ಕಳಿಲ್ಲದ ಅರಸಿ ಶಿವಗಂಗೆಯ ಬೆಟ್ಟದಿಂದ ಧುಮುಕಿ ಪ್ರಾಣಬಿಟ್ಟಳೆಂಬ ಕಥೆ ಇಂದಿಗೂ ಜನಜನಿತವಾಗಿದೆ. ಬೆಟ್ಟದ ಮೇಲೆ ಆ ಸ್ಥಳವನ್ನು ತೋರಿಸುವವರೂ ಇದ್ದಾರೆ. ಅಯ್ಯರರ ಕಾದಂಬರಿಯ ಜನಪ್ರಿಯತೆ ಶಾಂತಲೆಯ ತ್ಯಾಗಮೂರ್ತಿಯನ್ನು ಓದುಗರ ಮನಸ್ಸಿನಲ್ಲಿ ಗಟ್ಟಿಗೊಳಿಸಿತು. ನಾಗರಾಜರಾಯರು ಬರೆದುದೇ ಈ ನಂಬಿಕೆಗೆ ಪ್ರತಿಯಾಗಿ. ಶಾಸನಗಳನ್ನು ಹಲವು ವರ್ಷ ಶೋಧಿಸಿ, ಆಕೆ ಬಂಜೆಯೂ ಅಲ್ಲ, ಆತ್ಮಹತ್ಯೆ ಮಾಡಿಕೊಂಡವಳೂ ಅಲ್ಲ ಎಂಬ ನಿಲುವಿನ ಮೇಲೆ ನಾಲ್ಕು ಭಾಗಗಳ ಕೃತಿಯನ್ನು ಕಟ್ಟಿದರು. ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ (1983) ಅದಕ್ಕೆ ಸಂದಿತು.

ಶಾಸನ ಹೇಳುವುದೇನು? ಶ್ರವಣಬೆಳ್ಗೊಳದ ಶಾಸನದಂತೆ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿ ಸ್ವರ್ಗಸ್ಥಳಾದಳು. ಮಗಳ ಮರಣವನ್ನು ಕೇಳಿದ ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು, ಒಂದು ತಿಂಗಳು ನಿರಾಹಾರ ವ್ರತದಲ್ಲಿದ್ದು ಸಮಾಧಿಮರಣವನ್ನು ಹೊಂದಿದಳು. ತಾಯಿಯ ವ್ರತವನ್ನು ವಿವರವಾಗಿ ವರ್ಣಿಸುವ ಶಾಸನ ಮಗಳ ಮರಣದ ಬಗೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಬೆಟ್ಟದಿಂದ ಹಾರಿದಳೆಂಬ ಸೂಚನೆ ಅಲ್ಲಿಲ್ಲ. ಸಂತಾನವಿಲ್ಲದ ಕೊರಗಿನ ಪ್ರಸ್ತಾಪವೂ ಇಲ್ಲ. ‘ಮುಡಿಪು’ ಎಂಬ ಕ್ರಿಯಾಪದಕ್ಕೆ ಆಯುಸ್ಸನ್ನು ಮುಗಿಸುವುದೆಂಬ ಅರ್ಥವಿದೆಯೇ ಹೊರತು ಧುಮುಕುವುದೆಂಬ ಅರ್ಥವಿಲ್ಲ.

ಇದು ಕೇವಲ ಶಬ್ದಾರ್ಥದ ಚರ್ಚೆಯಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಲೋಕಮೂಢತೆಯ ಲಕ್ಷಣಗಳನ್ನು ಹೇಳುವಾಗ ಗಿರಿಪಾತ, ಅಂದರೆ ಬೆಟ್ಟದಿಂದ ಬೀಳುವುದನ್ನು, ಹೆಸರಿಸಿಯೇ ನಿಷೇಧಿಸಿದ್ದಾರೆ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿ, 1123ರಲ್ಲಿ ಬೆಳ್ಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶ್ರಾವಕಿಯ ತಲೆಗೆ ಅದೇ ಗಿರಿಪಾತವನ್ನು ಕಟ್ಟುವುದೆಂದರೆ ಆಕೆಯ ಧರ್ಮವನ್ನೇ ಆಕೆಯಿಂದ ಕಿತ್ತುಕೊಂಡಂತೆ. ಆ ಬಸದಿಯ ಹೆಸರೂ ಗಮನಾರ್ಹವಾದುದು. ಸವತಿಯರಿಗೆ ಮದ್ದಾನೆಯೆಂಬ ಬಿರುದನ್ನು ಹೆಮ್ಮೆಯಿಂದ ಧರಿಸಿ, ಅದನ್ನೇ ಬಸದಿಗೆ ಇಟ್ಟ ಅರಸಿ ಸವತಿಗಾಗಿ ಕರಗಿಹೋಗುವ ನಾಯಿಕೆಯಾಗುವುದು ಹೇಗೆ?

ಹಾಗೆಂದು ಶಾಸನವೇ ಎಲ್ಲವನ್ನೂ ತೀರ್ಮಾನಿಸುತ್ತದೆಂದು ನಾವು ಹೇಳುವುದಿಲ್ಲ. ಜಿನಭಕ್ತೆಯಾದ ಅರಸಿ ಕೊನೆಯ ದಿನಗಳಲ್ಲಿ ಶೈವತೀರ್ಥದಲ್ಲಿದ್ದುದೇಕೆ? ತಂದೆ ಮಾರಸಿಂಗಯ್ಯ ಶೈವನಾಗಿದ್ದನೆಂಬುದು ಇದಕ್ಕೆ ಸಂಬಂಧಿಸಿದುದೆ? ಇಲ್ಲಿ ಶಾಸನ ಮೌನವಾಗಿದೆ. ಕಾದಂಬರಿಕಾರನಿಗೆ ನಿಜವಾದ ಎಡೆ ಇಲ್ಲಿದೆ. ನಾಗರಾಜರಾಯರ ಕುಶಲತೆ ಇಂತಹ ಎಡೆಗಳನ್ನು ಗುರುತಿಸುವುದರಲ್ಲಿ ಕಾಣುತ್ತದೆ. ಶಾಸನವನ್ನು ಬರೆದ ಲೇಖಕ ಬೋಕಿಮಯ್ಯನ ಹೆಸರನ್ನು ಎತ್ತಿಕೊಂಡು ಅವರು ಆತನನ್ನು ಶಾಂತಲೆಯ ಗುರುವಾಗಿ ಚಿತ್ರಿಸಿದ್ದಾರೆ. ಇದಕ್ಕೆ ಪ್ರಮಾಣವಿಲ್ಲ, ವಿರೋಧವೂ ಇಲ್ಲ. ಆದರೆ ಅವರ ಕೃತಿಯಲ್ಲಿ ಅರಸಿಯ ಗುಣಗಳು ಎಷ್ಟು ಸಂಪೂರ್ಣವೆಂದರೆ, ಗಂಧವಾರಣದ ಮದವೇ ಇಳಿದುಹೋಗುತ್ತದೆ. ಪ್ರಶಸ್ತಿಶಾಸನದ ಧಾಟಿ ಕಾದಂಬರಿಗೂ ಅಂಟಿಕೊಂಡಿತೇನೋ.

ಘಟ್ಟದ ಮೇಲಿನ ಈ ಪಾಠ ನಮ್ಮ ಕರಾವಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಉಳ್ಳಾಲದ ಚೌಟ ಅರಸಿ ಅಬ್ಬಕ್ಕ ಮತ್ತು ಮಂಗಳೂರಿನ ಬಂಗ ಅರಸನ ದಾಂಪತ್ಯ ಹಾಗೂ ವಿರಸ ಕಥೆಗಾರರಿಗೆ ಪ್ರಿಯವಾದ ವಸ್ತು. ಇವರಿಬ್ಬರದೂ ಜೈನ ಮನೆತನಗಳು, ಅಳಿಯಸಂತಾನ ಕಟ್ಟಿನವು. ಈ ಕಟ್ಟಿನಲ್ಲಿ ರಾಜ್ಯ ತಾಯಿಯ ಕವಲಿನಲ್ಲಿ ಇಳಿಯುತ್ತದೆ. ಗಂಡನ ಅರಮನೆಗೆ ಹೊಕ್ಕು ಅವನ ಕುಲದವಳಾಗುವ ರೀತಿ ರಾಣಿಗಿಲ್ಲ. ಇದನ್ನರಿಯದೆ ತವರನ್ನು ಬಿಟ್ಟುಹೋಗುವ ಕಣ್ಣೀರಿನ ಪ್ರಸಂಗವನ್ನು ಬರೆದರೆ ಅದು ತುಳುನಾಡಿನ ಕಥೆಯೇ ಅಲ್ಲ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಮನೇಲದಲ್ಲಿ ಕಂಡು ಬರೆದ ಪತ್ರ ಇಲ್ಲಿ ಅಮೂಲ್ಯವಾದುದು. ರಾಣಿ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ಬಂದಿದ್ದಳು; ಉಟ್ಟದ್ದು ಸಾದಾ ಬಟ್ಟೆ, ಮೇಲೆ ಹಿಡಿದದ್ದು ಓಲೆಯ ಕೊಡೆ. ಕಪ್ಪು ಮೈಬಣ್ಣ, ಸ್ಥೂಲ ದೇಹ, ಚುರುಕಾದ ನಡಿಗೆ. ನೋಡಲು ಅಡುಗೆಯವಳಂತೆ ಕಂಡರೂ ಮಾತಿನಲ್ಲಿ ರಾಣಿತನವಿತ್ತೆಂದು ಆತ ಒಪ್ಪುತ್ತಾನೆ. ಗಂಡ ಹೆಂಡಿರು ತಂತಮ್ಮ ಸೀಮೆಯಲ್ಲಿದ್ದು, ಗಡಿಯ ಹೊಳೆಯಲ್ಲಿ ಸಂಧಿಸುತ್ತಿದ್ದರೆಂದೂ, ಮನಸ್ಸು ಮುರಿದಾಗ ರಾಣಿ ಗಂಡ ಕೊಟ್ಟ ಒಡವೆಗಳನ್ನು ಹಿಂದಿರುಗಿಸಿ ಸಂಬಂಧವನ್ನು ಕಡಿದಳೆಂದೂ ಅವನ ಬರೆಹದಿಂದ ತಿಳಿಯುತ್ತದೆ. ಅನ್ಯಧರ್ಮೀಯನ ತಾತ್ಸಾರ ಆ ಪತ್ರದಲ್ಲಿ ಇಲ್ಲದಿಲ್ಲ. ಆದರೂ ಮೃತಪತ್ನಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶ ಸುತ್ತುತ್ತಿದ್ದ ಮನುಷ್ಯ ಈ ದಾಂಪತ್ಯದ ಕಥೆಯನ್ನು ಕಿವಿಗೊಟ್ಟು ಕೇಳಿದ್ದಾನೆ. ಹೊಳೆಯ ನಡುವಣ ಭೇಟಿ, ಹಿಂದಿರುಗಿ ಬಂದ ಒಡವೆ ಇವಕ್ಕಿಂತ ಹೆಚ್ಚಿನ ಪ್ರಣಯವಸ್ತುವನ್ನು ಯಾವ ಕಲ್ಪನೆ ಒದಗಿಸೀತು?

ಆದರೆ ಪೋರ್ಚುಗೀಸರು ಮಂಗಳೂರನ್ನು ಹಿಡಿದು ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನು ಕಟ್ಟಿಸತೊಡಗಿದ್ದು 1568ರಲ್ಲಿ. 1623ರ ರಾಣಿಗೆ ಸುಮಾರು ನಾಲ್ವತ್ತು ವರ್ಷವೆಂದು ದೆಲ್ಲಾ ವಾಲೆ ಅಂದಾಜು ಮಾಡಿದ್ದಾನೆ. ಆ ಅಂದಾಜು ಸರಿಯಾದರೆ ಆ ಯುದ್ಧದ ಕಾಲಕ್ಕೆ ಈಕೆ ಹುಟ್ಟಿಯೇ ಇರಲಿಲ್ಲ. ಆಕೆ ಇನ್ನೂ ಹೆಚ್ಚು ವಯಸ್ಸಿನವಳೆಂದು ಪೋರ್ಚುಗೀಸರು ತನಗೆ ಹೇಳಿದ್ದರೆಂಬುದನ್ನೂ ಆತ ದಾಖಲಿಸಿರುವುದರಿಂದ, ಅವರ ಬಾಯಲ್ಲಿಯೇ ಇಬ್ಬರು ರಾಣಿಯರು ಒಬ್ಬಳಾಗುತ್ತಿದ್ದರೆಂದು ಊಹಿಸಬಹುದು. ಜನಪದ ಇಬ್ಬರನ್ನು ಬೆಸೆದರೆ ಅದು ಅದರ ಹಕ್ಕು. ಕಾದಂಬರಿಕಾರನು ಬೆಸೆಯುವಾಗ ಯಾರ ಯುದ್ಧವನ್ನು ಯಾರ ವಿರಹಕ್ಕೆ ಜೋಡಿಸುತ್ತಿದ್ದೇನೆಂಬ ಅರಿವಿರಬೇಕು. 1568ರ ಕೋಟೆಯ ಹೊಗೆಯ ನಡುವೆ ಒಡವೆ ಹಿಂದಿರುಗಿಸುವ ದೃಶ್ಯವನ್ನಿಟ್ಟವನು ಎರಡು ಬಾಳುಗಳನ್ನೂ ಕೆಡಿಸುತ್ತಾನೆ.

ಇನ್ನು ಅಂತಃಪುರದ ದಿನಚರಿಗೆ ನಮ್ಮ ಓಲೆಗರಿಗಳೇ ಆಕರ. ಮೂಡುಬಿದಿರೆಯ ‘ಮಹಾಬಂಧ’ದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗೆ ಒಪ್ಪಿಸಿದವಳು ಸೇನರಾಜನ ಪತ್ನಿ ಮಲ್ಲಿಕಬ್ಬೆ, ಪಂಚಮೀವ್ರತದ ಉದ್ಯಾಪನೆಗಾಗಿ ಮಾಡಿದ ಶಾಸ್ತ್ರದಾನ ಅದು. ಪ್ರತಿಯ ಅಂತ್ಯದ ಈ ಪ್ರಶಸ್ತಿಯಿಂದ ಅರಸಿಯೊಬ್ಬಳು ಯಾವ ವ್ರತ ಹಿಡಿದಳು, ಅದನ್ನು ಹೇಗೆ ಮುಗಿಸಿದಳು ಎಂಬುದು ತಿಳಿಯುತ್ತದೆ. ಉಪವಾಸದ ದಿನ ನಾಯಿಕೆಯನ್ನು ಹಬ್ಬದೂಟಕ್ಕೆ ಕೂರಿಸದಂತೆ, ಸೂರ್ಯಾಸ್ತದ ನಂತರ ಅರಸ ಅರಸಿಯರಿಗೆ ಭೋಜನ ಬಡಿಸದಂತೆ ಕಾದಂಬರಿಕಾರನನ್ನು ಎಚ್ಚರಿಸಬಲ್ಲವರು ಹಸ್ತಪ್ರತಿ ಸೂಚಿಗಳನ್ನು ಸಿದ್ಧಪಡಿಸುವವರು. ಪ್ರಶಸ್ತಿಗಳಲ್ಲಿ ಬರುವ ಸ್ತ್ರೀಯರ ಹೆಸರು, ವ್ರತ, ದಾನಗಳಿಗೆ ಸೂಚಿಯಲ್ಲಿ ಪ್ರತ್ಯೇಕ ಅಕಾರಾದಿಯೊಂದನ್ನು ಸೇರಿಸುವುದು ಹೆಚ್ಚಿನ ಶ್ರಮದ ಕೆಲಸವೇನಲ್ಲ.